ನ್ಯಾಯಾಸನದ ಮುಂದೆ ಕನ್ನಡಿಗ
(ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಇಂಗ್ಲಿಷರ ಆಳಿಕೆಯಲ್ಲಿ ನಮ್ಮ ದೇಶದ ನ್ಯಾಯದಾನ ಪದ್ಧತಿಯು ಹೇಗೆ ಬೆಳೆಯಿತು, ಅದನ್ನು ತಿದ್ದುವ ಪ್ರಯತ್ನಗಳು ಏನಾದುವು ಎಂಬುದನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಚಾಲಕರು ಅಪ್ಪಣೆ ಮಾಡಿರುವರು. ವಿಷಯವು ಶುಷ್ಕವೆಂದು ಕೆಲವರಿಗೆ ತೋರಬಹುದು. ಆದರೆ ಪ್ರಜೆಯು ತನ್ನ ಪ್ರಭುತ್ವದ ನಿಜವಾದ ಮುಖವನ್ನು ಕಾಣುವುದು ದರಬಾರಿನ ವೈಭವದಲ್ಲಲ್ಲ. ನ್ಯಾಯ ಬೇಡಿ ಕಚೇರಿಯ ಕಟ್ಟೆಯನ್ನು ಹತ್ತಿದ ದಿನದಲ್ಲಿ.

ಹತ್ತೊಂಬತ್ತನೆಯ ಶತಮಾನದ ಧಾರವಾಡ ಸೀಮೆಯ ಒಬ್ಬ ರೈತನನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ರೊಟ್ಟಿಯ ಗಂಟು. ಎರಡು ದಿನ ನಡೆದು ಕಚೇರಿಗೆ ಬಂದಿದ್ದಾನೆ. ಅವನ ಹೊಲದ ಮೇಲೆ ಸಾವಕಾರನು ದಾವೆ ಹೂಡಿದ್ದಾನೆ. ಸಾಲಪತ್ರವನ್ನು ಬರೆದದ್ದು ಮೋಡಿ ಅಕ್ಷರದಲ್ಲಿ. ಅದನ್ನು ಅವನು ಓದಲಾರನು. ಕಾರಕೂನನ ಭಾಷೆ ಮರಾಠಿ. ಅದು ಅವನಿಗೆ ಅರ್ಧಮರ್ಧ ತಿಳಿದೀತು. ಕಾಯದೆಯ ಮೂಲವೆಲ್ಲ ಇಂಗ್ಲಿಷು. ಅದರ ಗಾಳಿಯೂ ಅವನಿಗೆ ತಟ್ಟಿಲ್ಲ. ತನ್ನದೇ ನೆಲ, ತನ್ನದೇ ಸಾಲ, ತನ್ನದೇ ತಗಾದೆ. ಆದರೂ ಆ ಕೋಣೆಯಲ್ಲಿ ಮೂಕನಾಗಿ ನಿಂತವನು ಅವನೊಬ್ಬನೇ! ಈ ಮೂಕತನವು ಎಲ್ಲಿಂದ ಬಂತು, ಎಷ್ಟು ಹೋಯಿತು, ಎಷ್ಟು ಉಳಿದಿದೆ ಎಂಬುದೇ ನನ್ನ ಇಂದಿನ ಮಾತಿನ ತಿರುಳು.

ಇಂಗ್ಲಿಷರು ಬರುವ ಮೊದಲು ನಮ್ಮಲ್ಲಿ ಎಲ್ಲವೂ ಚಿನ್ನವಾಗಿತ್ತೆಂದು ನಾನು ಹೇಳಲಾರೆ. ಊರ ಗೌಡ, ಕುಲಕರ್ಣಿ, ದೈವದ ಹಿರಿಯರು ಕೂಡಿ ಚಾವಡಿಯಲ್ಲಿ ತಂಟೆಗಳನ್ನು ಬಗೆಹರಿಸುತ್ತಿದ್ದರು. ಅಲ್ಲಿ ಮಾತು ನಮ್ಮದು, ಸಾಕ್ಷಿದಾರರು ನಮ್ಮವರು, ಖರ್ಚು ಕಡಿಮೆ. ಸುಳ್ಳಾಡಿದವನು ಮರುದಿನ ಅದೇ ಬಾವಿಕಟ್ಟೆಗೆ ಬರಬೇಕಾದುದರಿಂದ ಸುಳ್ಳಿಗೂ ಒಂದು ಸಂಕೋಚವಿತ್ತು. ಆದರೆ ಕೀಳೆನಿಸಿಕೊಂಡ ಜಾತಿಯವನಿಗೂ, ಗಂಡನನ್ನು ಕಳೆದುಕೊಂಡ ಹೆಂಗಸಿಗೂ ಆ ಚಾವಡಿಯಲ್ಲಿ ಸಮನಾದ ನ್ಯಾಯವು ದೊರೆಯುತ್ತಿತ್ತೆಂದು ಎದೆ ತಟ್ಟಿ ಹೇಳುವವರು ಯಾರು? ಬಲಾಢ್ಯನ ಮನೆಯ ಊಟವನ್ನುಂಡ ಪಂಚರು ಅವನಿಗೆ ವಿರುದ್ಧವಾಗಿ ನುಡಿಯುವುದು ಸುಲಭವಾಗಿರಲಿಲ್ಲ. ಈ ದೋಷವನ್ನು ಒಪ್ಪಿಕೊಂಡೇ ನಾವು ಮುಂದಿನ ಕಥೆಯನ್ನು ವಿಚಾರಿಸಬೇಕು.

ಕಂಪನಿಯ ನ್ಯಾಯದಾನವು ಬಂಗಾಲದಲ್ಲಿ ಮೊಳೆಯಿತು. 1772ರಲ್ಲಿ ವಾರನ್ ಹೇಸ್ಟಿಂಗ್ಸನು ಜಿಲ್ಲೆಗೊಂದು ದಿವಾಣಿ ಅದಾಲತ್ತು, ಒಂದು ಫೌಜದಾರಿ ಅದಾಲತ್ತು, ಇವುಗಳ ಮೇಲೆ ಸದರ್ ಅದಾಲತ್ತುಗಳು ಎಂಬ ಏರ್ಪಾಡು ಮಾಡಿದನು. ದಾಯಭಾಗ, ವಿವಾಹ ಮುಂತಾದ ಸಂಗತಿಗಳಲ್ಲಿ ಹಿಂದುಗಳಿಗೆ ಶಾಸ್ತ್ರ, ಮುಸಲ್ಮಾನರಿಗೆ ಕುರಾನು ಆಧಾರವೆಂದು ವಿಧಿಸಿದನು. 1774ರಲ್ಲಿ ಕಲಕತ್ತೆಯಲ್ಲಿ ಇಂಗ್ಲೆಂಡಿನ ರಾಜನ ಹೆಸರಿನ ಸುಪ್ರೀಮ್ ಕೋರ್ಟು ಬೇರೆ ನಿಂತಿತು. ಅದರ ಪರಿಣಾಮವೇನು? ಹೇಸ್ಟಿಂಗ್ಸನ ಮೇಲೆ ಲಂಚದ ಆರೋಪ ಹೊರಿಸಿದ ಮಹಾರಾಜಾ ನಂದಕುಮಾರನನ್ನು ಹಳೆಯದೊಂದು ಖೋಟಾ ಪತ್ರದ ಆಪಾದನೆಯ ಮೇಲೆ ಹಿಡಿದು, 1775ರಲ್ಲಿ ಗಲ್ಲಿಗೇರಿಸಿದರು. ಖೋಟಾ ಪತ್ರಕ್ಕೆ ಮರಣದಂಡನೆಯು ಇಂಗ್ಲೆಂಡಿನ ಕಾಯದೆಯೇ ಹೊರತು ಈ ದೇಶದ್ದಲ್ಲ. ಜನರಿಗೆ ಗೊತ್ತೇ ಇಲ್ಲದ ಕಾಯದೆಯು ಒಬ್ಬನ ಕೊರಳಿಗೆ ಹಗ್ಗವಾಯಿತು. ಪರಭಾಷೆಯ, ಪರದೇಶದ ನ್ಯಾಯದ ಮೊದಲನೆಯ ಪಾಠವು ನಮಗೆ ಹೀಗೆ ಆಯಿತು.

1793ರಲ್ಲಿ ಕಾರ್ನವಾಲಿಸನು ಬಂಗಾಲದಲ್ಲಿ ಮಾಡಿದ ಸುಧಾರಣೆಯಲ್ಲಿ ಒಂದು ದೊಡ್ಡ ತತ್ತ್ವವಿದ್ದಿತು. ಅದನ್ನು ನಾವು ಹೊಗಳಲೇಬೇಕು. ಕಂದಾಯ ವಸೂಲು ಮಾಡುವ ಕಲೆಕ್ಟರನೇ ನ್ಯಾಯಾಧೀಶನೂ ಆಗಿದ್ದರೆ, ಅವನ ಮೇಲೆಯೇ ದೂರಿರುವ ರೈತನು ಎಲ್ಲಿಗೆ ಹೋಗಬೇಕು? ಆದುದರಿಂದ ಅವನು ಕಲೆಕ್ಟರನ ಕೈಯಿಂದ ನ್ಯಾಯಾಧಿಕಾರವನ್ನು ಕಿತ್ತು ಬೇರೆ ನ್ಯಾಯಾಧೀಶರಿಗೆ ಕೊಟ್ಟನು. ಕೋರ್ಟಿನ ಫೀಜನ್ನೂ ತೆಗೆದುಹಾಕಿದನು. ಆದರೆ ಈ ದೇಶದವರಲ್ಲಿ ಅವನಿಗೆ ನಂಬಿಕೆಯಿರಲಿಲ್ಲ. ನಮ್ಮವರಾದ ಮುನಸೀಫರಿಗೆ 50 ರೂಪಾಯಿಯೊಳಗಿನ ದಾವೆಗಳನ್ನು ಮಾತ್ರ ಬಿಟ್ಟು, ಮಿಕ್ಕುದನ್ನೆಲ್ಲ ಬೆರಳೆಣಿಕೆಯ ಇಂಗ್ಲಿಷ್ ನ್ಯಾಯಾಧೀಶರ ಮುಂದೆ ರಾಶಿ ಹಾಕಿದನು. ದಾವೆಗಳು ಬೆಟ್ಟವಾಗಿ ಬೆಳೆದುವು. ಆಗ ಸರಕಾರವು ನ್ಯಾಯಾಧೀಶರನ್ನು ಹೆಚ್ಚಿಸಿತೆಂದು ಬಗೆದಿರೋ? ಇಲ್ಲ, ದಾವೆಗಳನ್ನು ತಗ್ಗಿಸಲು 1795ರಲ್ಲಿ ಫೀಜನ್ನು ತಿರುಗಿ ಹೇರಿತು! ಹಸಿದವರ ಪಂಕ್ತಿಯು ಉದ್ದವಾಯಿತೆಂದು ಅನ್ನಕ್ಕೆ ಬೆಲೆ ಕಟ್ಟಿದ ಹಾಗಾಯಿತು.

ಇನ್ನು ನಮ್ಮ ಕರ್ನಾಟಕಕ್ಕೆ ಬರೋಣ. ಕಾರ್ನವಾಲಿಸನ ಪದ್ಧತಿಯನ್ನು ಎದುರಿಸಿದವರಲ್ಲಿ ಮುಖ್ಯನಾದ ಥಾಮಸ್ ಮನ್ರೋನು ಅನುಭವವನ್ನು ಪಡೆದುದು ಬಹುಮಟ್ಟಿಗೆ ಕನ್ನಡ ನೆಲದಲ್ಲಿ. 1799ರಲ್ಲಿ ಟೀಪು ಸುಲ್ತಾನನು ಮಡಿದ ಬಳಿಕ ಅವನು ಕನ್ನಡ ಜಿಲ್ಲೆಯ ಕಲೆಕ್ಟರನಾದನು; 1800ರಿಂದ 1807ರ ವರೆಗೆ ಬಳ್ಳಾರಿ ಮೊದಲಾದ ದತ್ತ ಮಂಡಲಗಳನ್ನು ಆಳಿದನು; 1817-18ರಲ್ಲಿ ಪೇಶವೆಯರ ಕೈಯಿಂದ ಧಾರವಾಡ, ಬದಾಮಿ, ಬೆಳಗಾವಿಗಳನ್ನು ಗೆದ್ದವನೂ ಅವನೇ. ಊರೂರು ತಿರುಗಿ, ಡೇರೆಯ ಮುಂದೆ ರೈತರನ್ನು ಕುಳ್ಳಿರಿಸಿಕೊಂಡು ಮಾತನಾಡಿದ ಈ ಅಧಿಕಾರಿಗೆ, ಹತ್ತು ರೂಪಾಯಿಯ ತಂಟೆಗಾಗಿ ಬಡವನನ್ನು ದೂರದ ಜಿಲ್ಲಾ ಕಚೇರಿಗೆ ಎಳೆಯುವುದು ನ್ಯಾಯವಲ್ಲವೆಂದು ತೋರಿತು. 1814ರಲ್ಲಿ ಅವನನ್ನು ಮದರಾಸು ಇಲಾಖೆಯ ನ್ಯಾಯಪದ್ಧತಿಯನ್ನು ತಿದ್ದುವ ಕಮಿಶನಿನ ಮುಖ್ಯನಾಗಿ ಕಳುಹಿಸಿದರು; 1816ರಲ್ಲಿ ಹೊಸ ರೆಗ್ಯುಲೇಶನ್ನುಗಳು ಹೊರಟುವು. ಊರ ಗೌಡನೇ ಗ್ರಾಮ ಮುನಸೀಫನಾಗಿ 10 ರೂಪಾಯಿಯೊಳಗಿನ ದಾವೆಗಳನ್ನು ತೀರಿಸಬಹುದು. ಜಿಲ್ಲಾ ಮುನಸೀಫನಾದ ಹಿಂದೀ ಗೃಹಸ್ಥನು 200 ರೂಪಾಯಿಯ ವರೆಗೆ ವಿಚಾರಿಸಬಹುದು. ಉಭಯ ಪಕ್ಷದವರೂ ಒಪ್ಪಿದರೆ ಪಂಚಾಯತಿಯು ನಿರ್ಣಯ ಕೊಡಬಹುದು ಎಂದಾಯಿತು.

ಇದು ಒಳ್ಳೆಯ ಮಾತೇ. ಆದರೆ ಅದೇ ವರ್ಷ, ಅದೇ ಕೈಯಿಂದ ಇನ್ನೊಂದು ಕೆಲಸವಾಯಿತು. ಪೋಲೀಸ ಅಧಿಕಾರವೂ ಮ್ಯಾಜಿಸ್ಟ್ರೇಟನ ಅಧಿಕಾರವೂ ನ್ಯಾಯಾಧೀಶನಿಂದ ಕಲೆಕ್ಟರನಿಗೆ ವರ್ಗವಾದುವು. ಕಂದಾಯ ಕೇಳುವವನು ಅವನೇ, ಹಿಡಿಯುವವನು ಅವನೇ, ದಂಡಿಸುವವನೂ ಅವನೇ! ಮನ್ರೋನ ವಾದವೇನೆಂದರೆ, ಈ ದೇಶದ ಜನರಿಗೆ ಅಧಿಕಾರವು ಒಂದೇ ಕಡೆಯಲ್ಲಿದ್ದರೆ ತಿಳಿಯುತ್ತದೆ, ಹಂಚಿದರೆ ತಿಳಿಯದು ಎಂದು. ಅವನು ಜನರನ್ನು ಪ್ರೀತಿಸಿದ್ದು ನಿಜವಾಗಿರಬಹುದು. ಆದರೆ ತಂದೆಯಂತೆ ಪ್ರೀತಿಸುವ ಆಳರಸನು ಹೋದ ಮೇಲೆ ಅವನ ಕುರ್ಚಿಯಲ್ಲಿ ಕುಳಿತುಕೊಳ್ಳುವವನು ಎಂಥವನೋ ಯಾರು ಬಲ್ಲರು? ಒಳ್ಳೆಯವನಿಗಾಗಿ ಹೊಲಿದ ಅಂಗಿಯನ್ನು ಕೆಟ್ಟವನೂ ತೊಡಬಲ್ಲನು. ಬೇಲಿಯು ಹೊಲವನ್ನು ಮೇಯದಂತೆ ಕಾಯುವ ಇನ್ನೊಂದು ಬೇಲಿಯನ್ನೇ ಅವನು ಕಿತ್ತುಹಾಕಿದಂತಾಯಿತು.

ಪಂಚಾಯತಿಯಾದರೂ ಬಾಳಿತೋ? ಅದೂ ಇಲ್ಲ. ಜನರು ಕ್ರಮೇಣ ಮುನಸೀಫನ ಕೋರ್ಟಿಗೇ ಹೋದರು. ಪಂಚಾಯತಿಯ ರೆಗ್ಯುಲೇಶನ್ನು ಹೆಚ್ಚಾಗಿ ಕಾಗದದ ಮೇಲೆಯೇ ಉಳಿಯಿತು. ಹಳೆಯ ಪಂಚಾಯತಿಗೆ ಬಲವನ್ನು ಕೊಟ್ಟದ್ದು ಊರಿನ ಒಗ್ಗಟ್ಟು. ಸರಕಾರವು ಗೌಡನನ್ನು ಕಂದಾಯದ ಆಳನ್ನಾಗಿ ಮಾಡಿ, ಊರಿನ ಆ ಕಟ್ಟನ್ನು ಸಡಿಲಿಸಿ, ಬಳಿಕ ಪಂಚಾಯತಿಯನ್ನು ಕರೆದರೆ ಅದು ಹೇಗೆ ಬಂದೀತು? ಬೇರನ್ನು ಕಡಿದು ಕೊಂಬೆಗೆ ನೀರು ಹನಿಸಿದರೆ ಚಿಗುರೀತೇ?

ಮುಂಬಯಿ ಇಲಾಖೆಯಲ್ಲಿ ಎಲ್ಫಿನ್‌ಸ್ಟನ್ನನು ತನ್ನ ಕಾಯದೆಗಳ ಸಂಗ್ರಹವನ್ನು 1827ರಲ್ಲಿ ಜಾರಿಗೆ ತಂದನು. ಮುಂದೆ ಮೆಕಾಲೆಯ ಅಧ್ಯಕ್ಷತೆಯ ಕಾಯದೆ ಕಮಿಶನ್ನು ಸಿದ್ಧಪಡಿಸಿದ ದಂಡ ಸಂಹಿತೆಯ ಕರಡು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ದಫ್ತರದಲ್ಲಿ ಮಲಗಿ, 1860ರಲ್ಲಿ ಕಾಯದೆಯಾಗಿ, 1862ರ ಜನವರಿ 1ರಿಂದ ನಡೆಯತೊಡಗಿತು. 1859ರಲ್ಲಿ ದಿವಾಣಿ ಸಂಹಿತೆ, 1861ರಲ್ಲಿ ಫೌಜದಾರಿ ಸಂಹಿತೆ, 1872ರಲ್ಲಿ ಸಾಕ್ಷ್ಯದ ಕಾಯದೆ ಬಂದುವು. 1862ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ಹಾಯಕೋರ್ಟುಗಳು ಸ್ಥಾಪಿತವಾದುವು. ಇದನ್ನು ತೃಣೀಕರಿಸುವುದು ಸತ್ಯಕ್ಕೆ ದೂರವಾದೀತು. ಬ್ರಾಹ್ಮಣನಿಗೊಂದು, ಅಂತ್ಯಜನಿಗೊಂದು ದಂಡನೆಯಿದ್ದ ಸಮಾಜದಲ್ಲಿ ಒಂದೇ ಅಪರಾಧಕ್ಕೆ ಒಂದೇ ಶಿಕ್ಷೆಯೆಂದು ಬರೆದಿಟ್ಟದ್ದು ಅಲ್ಪ ಲಾಭವಲ್ಲ. ಕಾಯದೆಯನ್ನು ಅಚ್ಚು ಹಾಕಿಸಿ ಬಯಲಿಗಿಟ್ಟದ್ದರಿಂದಲೇ ಮುಂದೆ ಅದೇ ಕಾಯದೆಯನ್ನು ಕೈಯಲ್ಲಿ ಹಿಡಿದು ಸರಕಾರದೊಡನೆ ವಾದಿಸುವ ವಕೀಲ ವರ್ಗವು ನಮ್ಮಲ್ಲಿ ಹುಟ್ಟಿತು. ನಮ್ಮ ಹೊನ್ನಾವರದಲ್ಲಿ ಜನಿಸಿದ ನಾರಾಯಣ ಗಣೇಶ ಚಂದಾವರಕರರು 1900ರಲ್ಲಿ ರಾಷ್ಟ್ರೀಯ ಸಭೆಯ ಅಧ್ಯಕ್ಷರಾಗಿ, 1901ರಲ್ಲಿ ಮುಂಬಯಿ ಹಾಯಕೋರ್ಟಿನ ನ್ಯಾಯಮೂರ್ತಿಗಳಾದುದು ಈ ವರ್ಗದ ಹಿರಿಮೆಗೆ ಸಾಕ್ಷಿ.

ಆದರೆ ಕನ್ನಡಿಗನ ಪಾಲಿಗೆ ಈ ಭವ್ಯವಾದ ಕಟ್ಟಡದ ಬಾಗಿಲು ಎಲ್ಲಿತ್ತು? ಧಾರವಾಡದವನು ಮುಂಬಯಿಗೆ, ಮಂಗಳೂರು ಬಳ್ಳಾರಿಗಳವನು ಮದರಾಸಿಗೆ, ಕಲಬುರ್ಗಿ ರಾಯಚೂರುಗಳವನು ನಿಜಾಮನ ಹೈದರಾಬಾದಿಗೆ ಹೋಗಬೇಕು. ಮೈಸೂರಿನವನಿಗೆ 1884ರಿಂದ ಚೀಫ್ ಕೋರ್ಟು. ಅದು ಹಾಯಕೋರ್ಟಾದುದು 1930ರಲ್ಲಿ. ಕೊಡಗಿಗೆ ಬೇರೆಯೇ ಏರ್ಪಾಡು. ಉತ್ತರ ಕನ್ನಡದ ಅವಸ್ಥೆಯಂತೂ ವಿಚಿತ್ರ! ಹಾಯಕೋರ್ಟುಗಳು ಹುಟ್ಟಿದ 1862ರಲ್ಲಿಯೇ ಆ ಜಿಲ್ಲೆಯನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಕಟ್ಟಿದರು. ಜನರು ಅದೇ, ನೆಲ ಅದೇ, ನುಡಿ ಅದೇ. ನ್ಯಾಯದ ದಿಕ್ಕು ಮಾತ್ರ ಪೂರ್ವದಿಂದ ವಾಯವ್ಯಕ್ಕೆ ತಿರುಗಿತು. ಇವೆಲ್ಲವುಗಳ ಮೇಲೆ ಬ್ರಿಟಿಷ್ ಇಲಾಖೆಗಳ ಕೊನೆಯ ಅಪೀಲು ಸಪ್ತಸಮುದ್ರಗಳಾಚೆ ಲಂಡನಿನ ಪ್ರಿವಿ ಕೌನ್ಸಿಲಿಗೆ. ಆ ದಾರಿಯು ಮುಚ್ಚಿದ್ದು 1949ರಲ್ಲಿ.

ಭಾಷೆಯ ಮಾತೂ ಹೀಗೆಯೇ. 1837ರ ಕಾಯದೆಯಿಂದ ಕೋರ್ಟುಗಳಲ್ಲಿ ಫಾರಸಿಯನ್ನು ಬಿಟ್ಟು ದೇಶಭಾಷೆಗಳನ್ನು ತರಲು ಅವಕಾಶವಾಯಿತು. ಆದರೆ 'ದೇಶಭಾಷೆ' ಎಂದರೆ ಯಾವುದು? ನಾಡು ಒಂದಾಗಿರದಿದ್ದರೆ ಆಳುವವರಿಗೆ ಅನುಕೂಲವಾದ ನೆರೆಯ ಭಾಷೆಯೇ ದೇಶಭಾಷೆಯಾಗುತ್ತದೆ. ಮುಂಬಯಿ ಕರ್ನಾಟಕದ ಕಚೇರಿಗಳಲ್ಲಿ ಪೇಶವೆಯರ ಕಾಲದಿಂದ ಬಂದ ಮರಾಠಿಯು ಬಹುಕಾಲ ನಿಂತಿತು. ಶಾಲೆಗಳಲ್ಲಿಯೇ ಕನ್ನಡವನ್ನು ನೆಲೆಗೊಳಿಸಲು ಡೆಪ್ಯುಟಿ ಚನ್ನಬಸಪ್ಪನವರಂಥವರು ಹೆಣಗಬೇಕಾಯಿತು. ನಿಜಾಮ ಸೀಮೆಯಲ್ಲಿ ಉರ್ದು. ಇಲ್ಲಿ ಒಂದು ವಿಲಕ್ಷಣ ಸಂಗತಿಯನ್ನು ಹೇಳದೆ ಇರಲಾರೆ. ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆದುದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ನಮ್ಮ ಕಲ್ಯಾಣದಲ್ಲಿ. ಬಂಗಾಲವನ್ನುಳಿದು ಭರತಖಂಡದ ಬಹುಭಾಗಕ್ಕೆ ದಾಯಭಾಗದ ಪ್ರಮಾಣವಾದ ಆ ಗ್ರಂಥದ ದಾಯವಿಭಾಗವನ್ನು ಕೋಲ್‌ಬ್ರೂಕನು 1810ರಲ್ಲಿ ಇಂಗ್ಲಿಷಿಗೆ ತಿರುಗಿಸಿದನು. ಮುಂದೆ ಕನ್ನಡಿಗನ ಮನೆಯ ಪಾಲು ಪಾರಿಪತ್ಯವು ಆ ಇಂಗ್ಲಿಷ್ ಪುಸ್ತಕವನ್ನು ನೋಡಿ ತೀರ್ಮಾನವಾಗತೊಡಗಿತು. ನಮ್ಮ ಕಣಜದ ಕಾಳನ್ನೇ ಪರರು ಅಳೆದು ನಮಗೆ ಮಾರಿದರೆಂದರೆ ತಪ್ಪಾದೀತೇ?

ಈ ದೂರದಿಂದ, ಈ ಮೂಕತನದಿಂದ ಆದ ಹಾನಿಯು ಕೇವಲ ಅಭಿಮಾನದ ಹಾನಿಯಲ್ಲ, ಅನ್ನದ ಹಾನಿ. 1859ರ ಅವಧಿಯ ಕಾಯದೆಯು ಸಾಮಾನ್ಯ ಸಾಲಪತ್ರಕ್ಕೆ ಮೂರು ವರ್ಷದ ಗಡುವನ್ನಿಟ್ಟಿತು. ಹಳೆಯ ಸಾಲದ ಕಾಟವು ತಪ್ಪಲೆಂಬುದು ಅದರ ಉದ್ದೇಶ. ನಡೆದುದೋ ವಿಪರೀತ. ಮೂರು ವರ್ಷ ತುಂಬುವ ಮೊದಲೇ ಸಾವಕಾರನು ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರವನ್ನು ಬರೆಯಿಸಿಕೊಳ್ಳುವನು. ರೈತನು ಓದಲಾರದ ಪತ್ರಕ್ಕೆ ಹೆಬ್ಬೆಟ್ಟು ಒತ್ತುವನು. ದಾವೆ ಬಿದ್ದಾಗ ಸಮನ್ಸು ತಿಳಿಯದೆಯೋ, ಹೆದರಿಯೋ ಕೋರ್ಟಿಗೆ ಹೋಗನು, ಏಕತರ್ಫಿ ತೀರ್ಪಾಗುವುದು, ಜಪ್ತಿ, ಲಿಲಾವು. ಅಮೇರಿಕದ ಅಂತರ್ಯುದ್ಧದ ಕಾಲದಲ್ಲಿ ಏರಿದ್ದ ಹತ್ತಿಯ ಧಾರಣೆಯು 1865ರ ಬಳಿಕ ಇಳಿದಾಗ ಈ ಕುಣಿಕೆಯು ಬಿಗಿಯಾಯಿತು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಎದ್ದು ಸಾವಕಾರರ ಮನೆಗಳಿಂದ ಸಾಲಪತ್ರಗಳನ್ನು ಸೆಳೆದು ಸುಟ್ಟರು. ಅವರ ಸಿಟ್ಟು ಹೆಚ್ಚಾಗಿ ತಿರುಗಿದುದು ಕಾಗದದ ಮೇಲೆ ಎಂಬುದನ್ನು ಲಕ್ಷ್ಯದಲ್ಲಿಡಿರಿ. ತಾನು ಓದಲಾರದ ಕಾಗದವೇ ತನ್ನ ಶತ್ರುವೆಂದು ರೈತನು ಕಂಡುಕೊಂಡಿದ್ದನು.

ಆಗ ಸರಕಾರಕ್ಕೆ ಎಚ್ಚರವಾಗಿ 1879ರಲ್ಲಿ ದಖ್ಖನ ರೈತರ ಪರಿಹಾರ ಕಾಯದೆಯು ಬಂತು. ಪತ್ರದ ಹಿಂದಿನ ಲೆಕ್ಕವನ್ನೆಲ್ಲ ನ್ಯಾಯಾಧೀಶನು ಕೆದಕಿ ನೋಡಬೇಕು. ಪತ್ರಗಳನ್ನು ಗ್ರಾಮ ರಜಿಸ್ಟ್ರಾರನ ಎದುರಿಗೆ ಬರೆಯಿಸಬೇಕು. ರಾಜಿ ಮಾಡಿಸುವವರೂ ಗ್ರಾಮ ಮುನಸೀಫರೂ ಇರಬೇಕು ಎಂದಾಯಿತು. ನ್ಯಾಯವನ್ನು ಊರಿನ ಹತ್ತಿರಕ್ಕೆ ಒಯ್ಯದೆ ಗತಿಯಿಲ್ಲವೆಂದು ಆರವತ್ತು ವರ್ಷಗಳ ಮೇಲೆ ಪುನಃ ಮನ್ರೋನ ಬಾಗಿಲಿಗೇ ಬಂದಂತಾಯಿತು. ಆದರೆ ಮೊದಲಿಗೆ ಆ ಕಾಯದೆಯು ಅನ್ವಯಿಸಿದ್ದು ಪುಣೆ, ಸಾತಾರೆ, ಸೊಲ್ಲಾಪುರ, ಅಹಮದನಗರಗಳಿಗೆ ಮಾತ್ರ. 1876-78ರ ಭೀಕರ ಕ್ಷಾಮದಲ್ಲಿ ಬೆಂದಿದ್ದ ಕಲಾದಗಿ, ಧಾರವಾಡಗಳ ರೈತನು ಆ ನಾಲ್ಕರಲ್ಲಿ ಇರಲಿಲ್ಲ. ಗಲಾಟೆ ಮಾಡಿದವನಿಗೆ ಪರಿಹಾರ. ತಾಳಿಕೊಂಡವನಿಗೆ ತಾಳ್ಮೆಯೇ ಪರಿಹಾರ!

ಕಾಯದೆಯ ಮುಂದೆ ಎಲ್ಲರೂ ಸಮಾನರೆಂಬ ಘೋಷಣೆಯ ಪರೀಕ್ಷೆಯು 1883ರಲ್ಲಿ ಆಯಿತು. ಜಿಲ್ಲೆಗಳಲ್ಲಿರುವ ಹಿಂದೀ ನ್ಯಾಯಾಧಿಕಾರಿಗಳೂ ಯುರೋಪಿಯನ್ ಆರೋಪಿಗಳನ್ನು ವಿಚಾರಿಸಬಹುದೆಂದು ಇಲ್ಬರ್ಟನು ಮಸೂದೆಯನ್ನು ತಂದೊಡನೆ ಆಳುವ ಜಾತಿಯವರು ಬೊಬ್ಬೆಯೆಬ್ಬಿಸಿದರು. ಕೊನೆಗೆ 1884ರಲ್ಲಿ, ಯುರೋಪಿಯನ್ ಆರೋಪಿಯು ಬಯಸಿದರೆ ಅರ್ಧಕ್ಕೆ ಕಡಿಮೆಯಿಲ್ಲದಂತೆ ಬಿಳಿಯರಿರುವ ಜೂರಿಯು ಬೇಕೆಂಬ ರಾಜಿಯಾಯಿತು. ಅದೇ ಜೂರಿಯ ಇನ್ನೊಂದು ಮುಖವನ್ನು 1908ರಲ್ಲಿ ನೋಡಿರಿ. ಲೋಕಮಾನ್ಯ ಟಿಳಕರು ಬರೆದುದು ಮರಾಠಿಯಲ್ಲಿ. ವಿಚಾರಣೆ ನಡೆದುದು ಇಂಗ್ಲಿಷ್ ಭಾಷಾಂತರದ ಮೇಲೆ. ಆ ಭಾಷಾಂತರವೇ ತಪ್ಪೆಂದು ಅವರು ವಾದಿಸಿದರು. ಜೂರಿಯಲ್ಲಿ ಏಳು ಮಂದಿ ಯುರೋಪಿಯನ್ನರು, ಇಬ್ಬರು ಪಾರಸಿಗಳು. ಏಳಕ್ಕೆ ಎರಡರ ಬಹುಮತದಿಂದ ಅಪರಾಧಿಯೆಂದಾಯಿತು. ಆರು ವರ್ಷಗಳ ಗಡೀಪಾರು. ನಮ್ಮ ರೈತನ ಮೂಕತನವು ಇಲ್ಲಿ ಮಹಾಪಂಡಿತನನ್ನೂ ಮುಟ್ಟಿತು. ನುಡಿ ಬಲ್ಲವನೂ ನುಡಿ ಅರಿಯದವರ ಮುಂದೆ ಮೂಕನೇ.

ಕಲೆಕ್ಟರನ ಅಧಿಕಾರವನ್ನೂ ಮ್ಯಾಜಿಸ್ಟ್ರೇಟನ ಅಧಿಕಾರವನ್ನೂ ಬೇರ್ಪಡಿಸಿರೆಂದು ರಾಷ್ಟ್ರೀಯ ಸಭೆಯು 1886ರಿಂದ ವರ್ಷ ವರ್ಷವೂ ಬೇಡಿತು. ಬೇಡಿ ಬೇಡಿ ಬೇಸತ್ತ ರಾಷ್ಟ್ರವು 1920ರಲ್ಲಿ ಕೋರ್ಟುಗಳನ್ನೇ ಬಹಿಷ್ಕರಿಸಿತು. ಚಿತ್ತರಂಜನ ದಾಸರು, ಮೋತೀಲಾಲ ನೆಹರೂರವರು ಲಕ್ಷ್ಮೀಪ್ರದವಾದ ವಕೀಲಿಯನ್ನು ತೊರೆದರು. ನಮ್ಮ ಮಂಗಳೂರಿನ ಕಾರ್ನಾಡ ಸದಾಶಿವರಾಯರು ತಮ್ಮ ಸರ್ವಸ್ವವನ್ನೂ ದೇಶಕ್ಕೆ ಧಾರೆಯೆರೆದರು. ಆ ವರ್ಷದ ನಾಗಪುರದ ಅಧಿವೇಶನದಲ್ಲಿ ಎರಡು ನಿರ್ಣಯಗಳು ಜೊತೆಯಾಗಿ ನಿಂತುವೆಂಬುದನ್ನು ಕನ್ನಡಿಗರು ಮರೆಯಬಾರದು: ಪರಕೀಯರ ನ್ಯಾಯಾಲಯವನ್ನು ಬಿಡುವ ಅಸಹಕಾರದ ನಿರ್ಣಯ ಒಂದು, ಭಾಷಾನುಸಾರ ಪ್ರಾಂತಗಳ ನಿರ್ಣಯ ಇನ್ನೊಂದು. ಕರ್ನಾಟಕಕ್ಕೆ ತನ್ನದೇ ಪ್ರಾಂತಿಕ ಕಾಂಗ್ರೆಸ್ ಸಮಿತಿಯು ದೊರೆತುದು ಅದರ ಫಲ. ಜನರ ನುಡಿಯಲ್ಲಿ ನಡೆಯದ ರಾಜ್ಯವು ಜನರ ರಾಜ್ಯವಲ್ಲವೆಂಬ ಒಂದೇ ಅರಿವಿನ ಎರಡು ಮುಖಗಳವು.

ಆ ಬಿತ್ತನೆಯ ಬೆಳೆಯನ್ನು ನಾವು ಉಂಡಿದ್ದೇವೆ. ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗರಾಯರು ಸಲಹೆಗಾರರಾಗಿದ್ದ ಸಂವಿಧಾನವು 1950ರಲ್ಲಿ ಜಾರಿಗೆ ಬಂದು, ತನ್ನ 50ನೆಯ ವಿಧಿಯಲ್ಲಿ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಲು ನಿರ್ದೇಶಿಸಿತು. 1973ರ ಫೌಜದಾರಿ ಸಂಹಿತೆಯು ದೇಶದಲ್ಲೆಲ್ಲ ಅದನ್ನು ಕಾರ್ಯಕ್ಕಿಳಿಸಿತು. 1956ರ ನವೆಂಬರ 1ರಂದು ಹರಿದು ಹೋದ ನಾಡು ಒಂದಾಗಿ, ಕನ್ನಡಿಗರಿಗೆ ಬೆಂಗಳೂರಿನಲ್ಲಿ ಒಂದೇ ಉಚ್ಚ ನ್ಯಾಯಾಲಯವಾಯಿತು. ಧಾರವಾಡ, ಕಲಬುರ್ಗಿಗಳಲ್ಲಿ 2008ರಲ್ಲಿ ಸಂಚಾರಿ ಪೀಠಗಳು ಕುಳಿತು, 2013ರಲ್ಲಿ ಖಾಯಂ ಆದುವು. ಮೆಕಾಲೆಯ ಸಂಹಿತೆಯೂ 2024ರ ಜುಲೈ 1ರಂದು ಹೋಗಿ, ಭಾರತೀಯ ನ್ಯಾಯ ಸಂಹಿತೆಯು ಬಂದಿದೆ. ದೂರವು ತಗ್ಗಿತು, ಹಂಗು ತಗ್ಗಿತು, ಹೆಸರೂ ಬದಲಾಯಿತು. ಮೂಕತನವೋ? ಅದು ಅರ್ಧ ಮಾತ್ರ ಹೋಗಿದೆ. ಕೆಳಗಿನ ನ್ಯಾಯಾಲಯಗಳಲ್ಲಿ ಕನ್ನಡಕ್ಕೆ ಸ್ಥಾನವಿದೆ. ಉಚ್ಚ ನ್ಯಾಯಾಲಯದ ಕಲಾಪವು 348ನೆಯ ವಿಧಿಯ ಮೇರೆಗೆ ಇನ್ನೂ ಇಂಗ್ಲಿಷಿನಲ್ಲಿಯೇ ನಡೆಯುತ್ತಿದೆ. ಕೆಳಗೆ ಕನ್ನಡದಲ್ಲಿ ಅತ್ತವನ ದುಃಖವು ಮೇಲೆ ಹೋಗುವಾಗ ಭಾಷಾಂತರವಾಗಿ ಹೋಗಬೇಕು. 'ಗೆದ್ದವನು ಸೋತ, ಸೋತವನು ಸತ್ತ' ಎಂಬ ಗಾದೆಯನ್ನು ನಮ್ಮ ಜನರು ಇನ್ನೂ ಮರೆತಿಲ್ಲ.

ಶಿಕ್ಷಕ ಬಂಧುಗಳೇ, ಕಾಯದೆಯನ್ನು ಮಾಡುವವರು ನೀವಲ್ಲ, ತೀರ್ಪನ್ನು ಬರೆಯುವವರೂ ಅಲ್ಲ. ಆದರೆ ಹೆಬ್ಬೆಟ್ಟನ್ನು ಸಹಿಯನ್ನಾಗಿ ಮಾಡಿದವರು ನೀವು. ಆ ಕೆಲಸವು ಮುಗಿಯಿತೆಂದು ತಿಳಿಯಬೇಡಿರಿ. ಸಹಿ ಮಾಡಬಲ್ಲವರೆಲ್ಲರೂ ತಾವು ಸಹಿ ಮಾಡಿದ ಕಾಗದವನ್ನು ಓದಿ ತಿಳಿಯಬಲ್ಲರೇ? ಮೇಲಿನ ತರಗತಿಯ ಮಕ್ಕಳ ಮುಂದೆ ಪಾಠಪುಸ್ತಕದ ಜೊತೆಗೆ ಒಂದು ಖರೀದಿಪತ್ರವನ್ನೂ, ಒಂದು ಸಮನ್ಸನ್ನೂ, ಒಂದು ಪಹಣಿಯನ್ನೂ ಇಡಿರಿ. ಒಂದೊಂದು ಶಬ್ದವನ್ನೂ ಬಿಡಿಸಿ ತಿಳಿಸಿರಿ. ವಕೀಲ ಮಹನೀಯರಲ್ಲಿಯೂ ನನ್ನ ಬಿನ್ನಹ: ತಾವು ಬರೆಯುವ ಫಿರ್ಯಾದಿಯನ್ನು ಪಕ್ಷಗಾರನಿಗೆ ತಿಳಿಯುವ ಕನ್ನಡದಲ್ಲಿ ಬರೆದು, ಅವನಿಗೆ ಓದಿ ಹೇಳಿ, ಆ ಬಳಿಕ ಸಹಿ ಪಡೆಯಿರಿ.

ಆ ಕಂಬಳಿ ಹೊದ್ದ ರೈತನು ಕಚೇರಿಯ ಕಟ್ಟೆಯ ಮೇಲೆ ಇನ್ನೂ ನಿಂತಿದ್ದಾನೆ. ಅವನ ಮೊಮ್ಮಕ್ಕಳ ಮೊಮ್ಮಕ್ಕಳು ನಿಮ್ಮ ಶಾಲೆಯ ಮಣೆಗಳ ಮೇಲೆ ಕುಳಿತಿರುವರು. ಅವರು ನಾಳೆ ನ್ಯಾಯಾಸನದ ಮುಂದೆ ನಿಂತಾಗ ತಮ್ಮ ನುಡಿಯಲ್ಲಿ, ತಲೆಯೆತ್ತಿ, ತಮ್ಮ ಮಾತನ್ನು ತಾವೇ ಹೇಳುವಂತಾಗಲಿ. ನಾಡು ಒಂದಾದುದು ಅಂದಿಗೆ ಸಾರ್ಥಕ. ಕನ್ನಡಾಂಬೆಗೆ ಜಯವಾಗಲಿ!